ಮನೇಲಿ ಅರ್ಧ ಬಾಟಲಿ ಹಳೇ ನುವಾನ್ ಇದೆ. ಹಿರಿಯೂರಿನ ಪಾಲಿಹೌಸ್‌ನಲ್ಲಿ ಗುಲಾಬಿಗೆ ನುಸಿ ಬಿದ್ದಿದೆ, ಮನೇಲಿ ತಿಗಣೆ ಕಾಟ. ಹೊಡೆಯಬಹುದಾ?

ಎರಡಕ್ಕೂ ಬೇಡ. ನುವಾನ್ ಅಂದರೆ ಡೈಕ್ಲೋರೊವಾಸ್ 76 ಇ.ಸಿ. (ನೀರಲ್ಲಿ ಬೆರೆಸಿ ಹೊಡೆಯೋ ದ್ರವ) ಅನ್ನೋ ಕೀಟನಾಶಕ. ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಇದರ ಮಾರಾಟವೂ ಬಳಕೆಯೂ ನಿಷೇಧ.

ಬೇಗ ಆವಿಯಾಗಿ ಎಲೆ ಸಂದಿಗೂ ಗೋಡೆ ಬಿರುಕಿಗೂ ನುಗ್ಗುತ್ತೆ ಅಂತಲೇ ಜನ ಇದನ್ನ ಮೆಚ್ಚಿದ್ದು. ಮುಚ್ಚಿದ ಜಾಗದಲ್ಲಿ ಅದೇ ಆವಿ ಒಳಗಿರುವವರ ಉಸಿರಿಗೂ ಹೋಗುತ್ತೆ. ವಿಪರೀತ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕಿರಿದಾಗೋದು, ಉಸಿರು ಕಟ್ಟೋದು ಇದರ ಲಕ್ಷಣ. ಯಾರಿಗಾದರೂ ಹಾಗಾದರೆ ಲೇಬಲ್ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಇಷ್ಟೆಲ್ಲ ಅಪಾಯ ಇದ್ದೂ ಮೊಟ್ಟೆ ಸರಿಯಾಗಿ ಸಾಯಲ್ಲ. ತೇವ ಸೇರಿದ ಹಳೇ ಬಾಟಲಿಯಲ್ಲಂತೂ ಔಷಧಿ ಒಡೆದು ಶಕ್ತಿ ಕಳೆದುಕೊಂಡಿರುತ್ತೆ.

ಗುಲಾಬಿ ವಿಚಾರಕ್ಕೆ ಬರೋಣ. ಮೊದಲು ಎಲೆಯ ಅಡಿಭಾಗ ಲೆನ್ಸ್‌ನಲ್ಲಿ ನೋಡಿ, ಬಲೆ ಇದ್ದರೆ ನುಸಿಯೇ. ಒಣ ಬಿಸಿಲಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ವಾರ ಸಾಕು. ಹಾಗಾಗಿ ಒಂದೇ ಸಲ ಹೊಡೆದು ಬಿಟ್ಟರೆ ಮತ್ತೆ ಬರುತ್ತೆ. ಬಲೆ ಹೆಚ್ಚಿರೋ ಕೆಳಗಿನ ಎಲೆ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಎಲೆ ಅಡಿಗೆ ಬರಿ ನೀರು ರಭಸವಾಗಿ ಬಡಿಯಲಿ. ಅದಾದ ಮೇಲೆ ನುಸಿ ಕೊಲ್ಲೋ ಔಷಧಿ ಅಬಾಮೆಕ್ಟಿನ್ 1.9 ಇ.ಸಿ., ಲೀಟರ್ ನೀರಿಗೆ ಅರ್ಧ ಮಿ.ಲೀ., ಸಂಜೆ ಹೊತ್ತು. ನಾಝಲ್ ಕೆಳಗಿಂದ ಮೇಲಕ್ಕೆ ತಿರುಗಿರಬೇಕು. ಸೋಲೋದು ಬಹುಪಾಲು ಇಲ್ಲೇ, ಮೇಲ್ಭಾಗ ತೋಯಿಸಿ ಔಷಧಿ ಕೆಲಸ ಮಾಡಲ್ಲ ಅಂತಾರೆ. ವಾರದ ನಂತರ ಅದನ್ನೇ ಹೊಡೆಯಬೇಡಿ, ನುಸಿ ಒಗ್ಗಿಕೊಳ್ಳುತ್ತೆ. ಬೇವಿನ ಬೀಜದ ಕಷಾಯ ಕೊಡಿ: 50 ಗ್ರಾಂ ತಿರುಳಿನ ಪುಡಿ ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ. ಮುಂದಿನ ಔಷಧಿಗೆ ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದವರಿಗೆ ಎಲೆ ತೋರಿಸಿ ಕೇಳಿ.

ತಿಗಣೆಗೆ ಬಿಸಿಯೇ ಮದ್ದು. ಮಂಚದ ಸಂದಿಗಳಿಗೆ ಕುದಿಯುವ ನೀರು ಇಲ್ಲಾ ಸ್ಟೀಮ್, ಹೊದಿಕೆಗಳನ್ನ ಬಿಸಿನೀರಲ್ಲಿ ಒಗೆಯಿರಿ, ಹತ್ತು ದಿನ ಬಿಟ್ಟು ಮತ್ತೆ ಮಾಡಿ. ಹಾಸಿಗೆ ಬಿಸಿಲಿಗೆ ಹಾಕಿದರೆ ಮೇಲ್ಪದರ ಕಾಯುತ್ತೆ, ಒಳಗಿನವು ಉಳೀತವೆ. ಯಾರಾದರೂ ಕಾಳಿನ ಗುಳಿಗೆ (ಕಾಳಿಗೆ ಹುಳ ಬೀಳದಂತೆ ಇಡೋ ಅಲ್ಯೂಮಿನಿಯಂ ಫಾಸ್ಫೈಡ್) ಇಡಿ ಅಂದರೆ ಕೇಳಲೇಬೇಡಿ, ಅದರ ವಿಷಗಾಳಿಗೆ ಮನೆಮಂದಿ ಸತ್ತಿದ್ದಾರೆ.

ಉಳಿದ ನುವಾನ್ ಚರಂಡಿಗೆ, ಹಳ್ಳಕ್ಕೆ ಸುರಿಯಬೇಡಿ. ಮೀನು, ಜೇನು ಎರಡಕ್ಕೂ ವಿಷ. ಬೇರೆ ಬಾಟಲಿಗೂ ಬಗ್ಗಿಸಬೇಡಿ. ಲೇಬಲ್ ಇರೋ ಅದೇ ಬಾಟಲಿಯಲ್ಲಿ ಬೀಗ ಹಾಕಿಟ್ಟು, ವಿಲೇವಾರಿ ಹೇಗೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.