ಬೇರೆ ಬೇರೆ ಓದುಗರ ಪ್ರಶ್ನೆಗಳು: ಸೆವಿಯಾದಲ್ಲಿ ನಾಲ್ಕು ದಿನ, ಬಿಸಿಲು ನೋಡ್ಕೊಂಡು

ಪ್ರಶ್ನೆ: ನಾನು, ನಮ್ಮೆಜಮಾನ್ರು, 68 ವರ್ಷದ ಅಮ್ಮ, ಮೂರು ಜನ ಸ್ಪೇನ್‌ಗೆ ಹೊರಟಿದ್ದೀವಿ. ನಾಲ್ಕಾರು ಊರು ಓಡಾಡೋ ಬದಲು ಒಂದೇ ಹಳೇ ಊರಲ್ಲಿ ನಾಲ್ಕು ದಿನ ಇರೋಣ, ಚೆನ್ನಾಗಿ ಬಿಸಿಲಿರ್ಲಿ ಅಂತ ಆಸೆ. ಸೆವಿಲ್ ಅಂದ್ಕೊಂಡಿದ್ದೀವಿ. ರಜೆ ಸಿಗೋದು ಜುಲೈ ಕೊನೇಲಿ, ಇಲ್ಲಾ ಅಕ್ಟೋಬರ್‌ನಲ್ಲಿ. ಯಾವುದು ವಾಸಿ?

ಉತ್ತರ: ಅಕ್ಟೋಬರ್. ಅಮ್ಮ ಜೊತೇಲಿದ್ದಾರೆ ಅಂದ್ಮೇಲೆ ಜುಲೈ ಮಾತೇ ಬೇಡ. ಸೆವಿಲ್‌ನ ಅಲ್ಲಿಯವರು ಸೆವಿಯಾ ಅಂತಾರೆ, ನೀವೂ ಅದನ್ನೇ ರೂಢಿ ಮಾಡ್ಕೊಳ್ಳಿ, ಸ್ಟೇಷನ್ ಬೋರ್ಡು ಟಿಕೆಟ್ಟು ಎಲ್ಲಾ ಕಡೆ ಅದೇ ಹೆಸರಿರುತ್ತೆ. ಬಿಸಿಲಿಗೇನೂ ಬರ ಇಲ್ಲ, ವರ್ಷಕ್ಕೆ ಸುಮಾರು 2900 ಗಂಟೆ ಬಿಸಿಲು ಬೀಳೋ ಊರದು. ಆದ್ರೆ ಜುಲೈಲಿ ಹಗಲಿನ ಗರಿಷ್ಠ ತಾಪಮಾನದ ಸರಾಸರಿನೇ 36 ಡಿಗ್ರಿ, 40 ದಾಟೋದು ಅಲ್ಲಿ ಸುದ್ದಿನೇ ಅಲ್ಲ. ಚಂಡಮಾರುತಕ್ಕೆ ಹೆಸರಿಡ್ತಾರಲ್ಲ, ಹಾಗೆ ಬಿಸಿಗಾಳಿಗೂ ಹೆಸರಿಡೋಕೆ ಶುರು ಮಾಡಿದ್ದು ಇದೇ ಊರಲ್ಲಿ, 2022ರಲ್ಲಿ, ಮೊದಲನೇದಕ್ಕೆ ಸೋಯೆ ಅಂತ ಹೆಸರು. ಬೇಸಿಗೇಲಿ ಸಿಯೆರ್ಪೆಸ್ ಥರದ ಅಂಗಡಿ ಬೀದಿಗಳ ಮೇಲೆ ಈ ಮನೆಯಿಂದ ಆ ಮನೆಗೆ ದೊಡ್ಡ ದೊಡ್ಡ ಬಟ್ಟೆ ಕಟ್ಟಿ ನೆರಳು ಮಾಡ್ತಾರೆ, ಊರವರೇ ಆ ನೆರಳು ಹಿಡ್ಕೊಂಡು ಓಡಾಡ್ತಾರೆ.

ಗಡಿಯಾರದ ವಿಷಯ ಒಂದಿದೆ, ಅದನ್ನ ತಿಳ್ಕೊಂಡ್ರೆ ಅರ್ಧ ಪ್ಲಾನ್ ಆದ ಹಾಗೇನೇ. ಸ್ಪೇನ್ ಗಡಿಯಾರ ಜರ್ಮನಿ ಗಡಿಯಾರದ ಜೊತೆ ನಡೆಯುತ್ತೆ, ಆದ್ರೆ ಸೆವಿಯಾ ಇರೋದು ಪಶ್ಚಿಮದ ತುದೀಲಿ, ಹಾಗಾಗಿ ಬೇಸಿಗೇಲಿ ಸೂರ್ಯ ನೆತ್ತಿಗೆ ಬರೋದೇ ಮಧ್ಯಾಹ್ನ ಎರಡೂಕಾಲು ದಾಟಿದ್ಮೇಲೆ, ನಿಜವಾಗಿ ಸುಡೋ ಹೊತ್ತು ಸಂಜೆ ಐದು, ಆರು. ನಾನು ಮೊದಲ್ನೇ ಸಲ ಹೋಗಿದ್ದು ಜೂನ್‌ನಲ್ಲಿ. ನಾಲ್ಕಾಯ್ತಲ್ಲ, ಬಿಸಿಲು ಇಳಿದಿರುತ್ತೆ ಅಂತ ರೂಮಿಂದ ಹೊರಗೆ ಬಂದ್ರೆ ಬೀದೀಲಿ ಒಂದು ಪಿಳ್ಳೆ ಇಲ್ಲ, ಅಂಗಡಿ ಶಟರ್ ಎಲ್ಲಾ ಕೆಳಗೆ, ಸುಣ್ಣ ಬಳಿದ ಗೋಡೆಗೆ ಬೆನ್ನು ಕೊಟ್ಟು ನಿಂತ್ರೆ ಅಂಗಿ ಒಳಗಿಂದ ಕಾವು ಹತ್ತುತ್ತೆ. ಅದೇ ಬೀದಿಗೆ ರಾತ್ರಿ ಒಂಬತ್ತೂವರೆಗೆ ಬಂದೆ, ಆಗ್ಲೂ ಆಕಾಶದಲ್ಲಿ ಬೆಳಕು, ಅಜ್ಜ ಅಜ್ಜಿ ಮಕ್ಕಳು ಮರಿ ಎಲ್ಲಾ ಹೊರಗೇ. ಅಕ್ಟೋಬರ್‌ನಲ್ಲಿ ಇಷ್ಟು ಕಷ್ಟ ಇಲ್ಲ, ಹಗಲು 26 ಡಿಗ್ರಿ ಆಸುಪಾಸು, ಆದ್ರೂ ದಿನಾನ ಎರಡು ತುಂಡು ಮಾಡ್ಕೊಳ್ಳಿ: ಬೆಳಗ್ಗೆಯಿಂದ ಎರಡು ಗಂಟೆವರೆಗೆ ಒಂದು, ಊಟ ಮಾಡಿ ಮಲಗಿ ಎದ್ದು ಆರರ ಮೇಲೆ ಇನ್ನೊಂದು. ಅದಕ್ಕೇ ಹೋಟೆಲ್ ಹಳೇ ಊರಿನ ಒಳಗೇ ಹಿಡೀರಿ, ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ. ಮಧ್ಯಾಹ್ನ ರೂಮಿಗೆ ನಡ್ಕೊಂಡು ಬರೋ ಹಾಗಿರ್ಬೇಕು, ಬಸ್ಸಲ್ಲಿ ಮುಕ್ಕಾಲು ಗಂಟೆ ಹೋಗೋ ಕಡೆ ರೂಮ್ ಮಾಡಿದ್ರೆ ಯಾರೂ ಮಧ್ಯಾಹ್ನ ವಾಪಸ್ ಬರಲ್ಲ, ಅಮ್ಮ ಸಂಜೆಗೆ ಸುಸ್ತಾಗಿ ಕೂತ್ಬಿಡ್ತಾರೆ.

ಪ್ರಶ್ನೆ: ಅಲ್ಕಾಸರ್ ಅರಮನೆ, ಕೆಥೆಡ್ರಲ್ ಎರಡೂ ಅಕ್ಕಪಕ್ಕ ಇದೆಯಂತೆ. ಒಂದೇ ದಿನ ಮುಗಿಸ್ಬಹುದಾ? ಕೆಥೆಡ್ರಲ್‌ನ ಹಿರಾಲ್ದಾ ಗೋಪುರ ಮಂಡಿನೋವು ಇರೋರು ಹತ್ತೋಕಾಗುತ್ತಾ?

ಉತ್ತರ: ಮುಗಿಸ್ಬಹುದು, ಆದ್ರೆ ಬೇಡ. ಎರಡಕ್ಕೂ ಒಂದೊಂದು ಬೆಳಗ್ಗೆ ಕೊಡಿ. ಅಲ್ಕಾಸರ್‌ಗೆ ಮೊದಲ್ನೇ ಸ್ಲಾಟ್‌ಗೇ ಆನ್‌ಲೈನಲ್ಲಿ ಟಿಕೆಟ್ ತಗೊಂಡ್ಬಿಡಿ, ಪಾಸ್‌ಪೋರ್ಟ್ ಜೊತೇಲಿರ್ಲಿ. ಒಳಗೆ ಹೋದ ತಕ್ಷಣ ಎಲ್ಲರೂ ಫೋಟೋ ತೆಗೆಯೋಕೆ ಓಡ್ತಾರೆ, ನೀವು ಪೆದ್ರೋ ರಾಜನ ಅರಮನೆ ಮುಂಭಾಗದ ಎದುರು ಹತ್ತು ನಿಮಿಷ ಸುಮ್ನೆ ನಿಂತ್ಕೊಳ್ಳಿ. ಬಾಗಿಲಿನ ಮೇಲೆ, ಎತ್ತರದಲ್ಲಿ, ನೀಲಿ ಬಿಳಿ ಟೈಲ್ಸ್‌ನ ಒಂದು ಪಟ್ಟಿ ಇದೆ. ನೋಡಿದ್ರೆ ಬರೀ ರಂಗೋಲಿ ಥರ ಕಾಣುತ್ತೆ, ಆದ್ರೆ ಅದು ಅರೇಬಿಕ್ ಅಕ್ಷರ, ಕನ್ನಡಿ ಹಿಡಿದ ಹಾಗೆ ನೇರವಾಗೊಮ್ಮೆ ತಿರುಗುಮುರುಗಾಗೊಮ್ಮೆ ಬರೆದಿರೋದು: ಅಲ್ಲಾಹನನ್ನು ಬಿಟ್ಟು ಬೇರೆ ವಿಜಯಿ ಇಲ್ಲ. ಅದರ ಸುತ್ತ ಗಾಥಿಕ್ ಅಕ್ಷರದಲ್ಲಿ, ಸ್ಪ್ಯಾನಿಷ್‌ನಲ್ಲಿ, ಇದನ್ನ ಕಟ್ಟಿಸಿದ್ದು ರಾಜ ಪೆದ್ರೋ ಅಂತ ಇದೆ. 1364ರ ಕೆಲಸ ಅದು. ಕಟ್ಟಿಸಿದೋನು ಕ್ರಿಶ್ಚಿಯನ್ ರಾಜ, ಕೆತ್ತಿದೋರಲ್ಲಿ ಗ್ರನಾಡಾದ ಮುಸ್ಲಿಂ ಕುಶಲಕರ್ಮಿಗಳಿದ್ರು, ಒಂದೇ ಗೋಡೆ ಮೇಲೆ ಇಬ್ಬರ ಮಾತೂ ಇದೆ. ನನಗಂತೂ ಇಡೀ ಊರು ಅರ್ಥ ಆಗಿದ್ದು ಆ ಗೋಡೆ ಮುಂದೆ. ಆಮೇಲೆ ತೋಟಕ್ಕೆ ಹೋಗಿ, ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ, ನವಿಲು ಓಡಾಡ್ತಿರುತ್ವೆ. ಮೇಲ್ಮಹಡಿ ಇವತ್ತಿಗೂ ರಾಜಮನೆತನದ ಬಳಕೇಲೇ ಇದೆ, ಅದಕ್ಕೆ ಬೇರೆ ಟಿಕೆಟ್.

ಹಿರಾಲ್ದಾ ಬಗ್ಗೆ ಮಂಡಿನೋವಿನೋರಿಗೆ ಒಳ್ಳೇ ಸುದ್ದಿ, ಅದರಲ್ಲಿ ಮೆಟ್ಟಿಲಿಲ್ಲ, ತುದೀಲಿ ಮಾತ್ರ ಹದಿನೇಳು. 12ನೇ ಶತಮಾನದಲ್ಲಿ ಮಸೀದಿಯ ಮಿನಾರ್ ಆಗಿ ಕಟ್ಟಿದಾಗ ಆಜಾನ್ ಕೂಗೋರು ಕುದುರೆ ಮೇಲೇ ಮೇಲಕ್ಕೆ ಹೋಗ್ಲಿ ಅಂತ ಒಳಗೆ ಇಳಿಜಾರು ದಾರಿ ಮಾಡಿದ್ರು, ಒಟ್ಟು 35 ಇಳಿಜಾರು, ತಿರುವಿಗೊಂದು ನಂಬರ್ ಹಾಕಿದ್ದಾರೆ. ಗೋಪುರ ಸುಮಾರು 104 ಮೀಟರ್, ಗಂಟೆಗಳಿರೋ ಮೇಲಿನ ಭಾಗ 16ನೇ ಶತಮಾನದ್ದು. ಅಮ್ಮ 10 ಅಂತ ಬರೆದಿರೋ ಕಡೆ ಒಮ್ಮೆ, 20ರಲ್ಲಿ ಒಮ್ಮೆ ಕಿಟಕಿ ಹತ್ರ ಗಾಳಿ ತಗೊಂಡು ನಿಧಾನಕ್ಕೆ ಹತ್ಲಿ, ಹಿಂದಿನವರು ದಾಟ್ಕೊಂಡು ಹೋಗ್ತಾರೆ, ಗಾಬರಿ ಬೇಡ. ಕೆಳಗೆ ಬಂದ್ಮೇಲೆ ಕೆಥೆಡ್ರಲ್ ಒಳಗೆ ಕೊಲಂಬಸ್ ಸಮಾಧಿ ನೋಡಿ, ಸ್ಪೇನ್‌ನ ನಾಲ್ಕು ಹಳೇ ರಾಜ್ಯಗಳ ಹೆಸರಲ್ಲಿ ನಾಲ್ಕು ಜನ ಶವಪೆಟ್ಟಿಗೆ ಹೊತ್ತು ನಿಂತಿದ್ದಾರೆ. ಸ್ಪೇನ್‌ನ ಹಳೇ ವಸಾಹತುಗಳ ಕಾಗದಪತ್ರ ಇಟ್ಟಿರೋ ಪಕ್ಕದ ಇಂಡೀಸ್ ಪತ್ರಾಗಾರಕ್ಕೆ ಟಿಕೆಟ್ಟೇ ಇಲ್ಲ, ಅರ್ಧ ಗಂಟೆ ಸಾಕು. ಅಲ್ಕಾಸರ್, ಕೆಥೆಡ್ರಲ್, ಪತ್ರಾಗಾರ ಈ ಮೂರನ್ನೂ ಒಟ್ಟಿಗೆ 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದಾರೆ.

ಒಂದು ಎಚ್ಚರಿಕೆ: ಕೆಥೆಡ್ರಲ್ ಹತ್ರ ಹೆಂಗಸರು ರೋಸ್‌ಮೆರಿ ಕಡ್ಡಿ ಕೈಗೆ ತುರುಕೋಕೆ ಬರ್ತಾರೆ, ತಗೊಂಡ್ರೆ ಕೈ ನೋಡಿ ಭವಿಷ್ಯ ಹೇಳಿ ದುಡ್ಡು ಕೇಳ್ತಾರೆ. ಕೈ ಜೇಬಲ್ಲಿಟ್ಕೊಂಡು "ನೋ, ಗ್ರಾಸಿಯಾಸ್" ಅಂತ ಮುಂದೆ ಹೋಗಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಹೋಗೋಣ ಅಂತ ನೋಡಿದ್ರೆ ಕೆಲವು ದಿನ ಮಾತ್ರ ಹೋಟೆಲ್ ರೇಟ್ ಸಿಕ್ಕಾಪಟ್ಟೆ ಇದೆ. ಯಾಕೆ?

ಉತ್ತರ: ಈಸ್ಟರ್ ಹಿಂದಿನ ವಾರ ಸೆಮಾನಾ ಸಾಂತಾ, ಅಂದ್ರೆ ಪವಿತ್ರ ವಾರದ ಮೆರವಣಿಗೆಗಳು, ಅದಾಗಿ ಸಾಮಾನ್ಯವಾಗಿ ಎರಡು ವಾರಕ್ಕೆ ಫೇರಿಯಾ ಜಾತ್ರೆ. ಸೆಮಾನಾ ಸಾಂತಾ ನೋಡ್ಲೇಬೇಕು ಅನ್ನೋರಿಗೆ ಆ ರೇಟ್ ಕೊಡೋದ್ರಲ್ಲಿ ತಪ್ಪಿಲ್ಲ, ಮೂರ್ತಿ ಕೂರಿಸಿದ ಭಾರೀ ಮಂಟಪಗಳನ್ನ ಕೆಳಗೆ ಕಾಣದ ಹಾಗೆ ಹತ್ತಾರು ಜನ ಕುತ್ತಿಗೆ ಮೇಲೆ ಹೊತ್ತು ನಡೀತಾರೆ, ಗುರುವಾರ ರಾತ್ರಿ ಶುರುವಾದದ್ದು ಶುಕ್ರವಾರ ಹಗಲಿನವರೆಗೂ ನಡೆಯುತ್ತೆ. ಆದ್ರೆ ಆ ವಾರ ಬೀದಿ ದಾಟೋದೇ ಕಷ್ಟ, ಬೇರೆ ಜಾಗ ನೋಡೋ ಆಸೆ ಬಿಟ್ಬಿಡಿ. ಫೇರಿಯಾಗೆ ಹೊರಗಿನವರು ಹೋಗಿ ಬೇಜಾರಾಗೋದು ಜಾಸ್ತಿ, ಅಲ್ಲಿರೋ ಸಾವಿರಕ್ಕೂ ಹೆಚ್ಚು ಡೇರೆಗಳಲ್ಲಿ ಹೆಚ್ಚಿನವು ಖಾಸಗಿ, ಕರೆದವರಿಗೆ ಮಾತ್ರ. ಎರಡೂ ಬೇಡ ಅಂದ್ರೆ ಮಾರ್ಚ್‌ನಲ್ಲಿ ಹೋಗಿ. ಬೀದಿ ಬೀದೀಲೂ ಕಿತ್ತಳೆ ಮರ, ಆಗ ಹೂ ಬಿಡೋ ಕಾಲ, ರಾತ್ರಿ ಹೊತ್ತು ಇಡೀ ಊರೇ ಘಮ್ ಅಂತಿರುತ್ತೆ. ಹಣ್ಣು ಮಾತ್ರ ಕಿತ್ತು ತಿನ್ಬೇಡಿ, ಹೇರಳೆಕಾಯಿ ಥರ ಹುಳಿ, ಕಹಿ, ಅದು ಮಾರ್ಮಲೇಡ್ ಮಾಡೋಕೆ ಬ್ರಿಟನ್‌ಗೆ ಹೋಗೋ ಜಾತಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ. ನಾಲ್ಕು ದಿನ ಬ್ರೆಡ್‌ನಲ್ಲೇ ಕಳೀಬೇಕಾ?

ಉತ್ತರ: ಖಂಡಿತ ಇಲ್ಲ. ಸೆವಿಯಾದ್ದೇ ಒಂದು ಅಡುಗೆ ಇದೆ, ಎಸ್ಪಿನಾಕಾಸ್ ಕೋನ್ ಗಾರ್ಬಾನ್ಸೋಸ್, ಪಾಲಕ್, ಕಾಬೂಲ್ ಕಡಲೆ, ಜೀರಿಗೆ, ಬೆಳ್ಳುಳ್ಳಿ, ಹುರಿದ ಬ್ರೆಡ್ ಅರೆದು ಹಾಕಿ ಗಟ್ಟಿಯಾಗಿ ಮಾಡ್ತಾರೆ, ಚಿಕ್ಕ ಮಣ್ಣಿನ ಬಟ್ಟಲಲ್ಲಿ ಬಿಸಿಬಿಸಿ ಬರುತ್ತೆ, ಮೊದಲ ತುತ್ತಿಗೇ ನಾಲಿಗೆಗೆ ಗುರ್ತು ಹತ್ತುತ್ತೆ. ಬದನೆಕಾಯಿ ಕರಿದು ಮೇಲೆ ಕಬ್ಬಿನ ಕಾಕಂಬಿ ಹಾಕಿ ಕೊಡೋದೂ ಸಿಗುತ್ತೆ, ಹಿಟ್ಟಲ್ಲಿ ಮೊಟ್ಟೆ ಇದೆಯಾ ಕೇಳ್ಕೊಳ್ಳಿ. ಟೊಮೆಟೊದ ತಣ್ಣನೆ ಸೂಪ್ ಸಾಲ್ಮೊರೆಖೋ ಮೇಲೆ ಹಂದಿಮಾಂಸ, ಮೊಟ್ಟೆ ಉದುರಿಸಿರ್ತಾರೆ, ಅದಕ್ಕೇ ಆರ್ಡರ್ ಮಾಡುವಾಗ್ಲೇ "ಸಿನ್ ಹಮೋನ್, ಸಿನ್ ವೆವೋ" ಅನ್ನಿ. ಬರೀ "ಸಿನ್ ಕಾರ್ನೆ", ಅಂದ್ರೆ ಮಾಂಸ ಬೇಡ, ಅಂದ್ರೆ ಸಾಲದು, ಸಲಾಡ್ ಮೇಲೆ ಟ್ಯೂನಾ ಮೀನು ಬಂದು ಕೂತಿರುತ್ತೆ, "ಸಿನ್ ಪೆಸ್ಕಾದೋ" ಅಂತಾನೂ ಸೇರಿಸಿ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿ ಅಡುಗೆಮನೆ ತೆಗೆಯೋದೇ ಎಂಟೂವರೆ ಒಂಬತ್ತಕ್ಕೆ, ಶುಗರ್ ಇರೋರು ಬ್ಯಾಗಲ್ಲಿ ಏನಾದ್ರೂ ಇಟ್ಕೊಂಡೇ ಹೊರಡಿ.

ಪ್ರಶ್ನೆ: ಮ್ಯಾಡ್ರಿಡ್‌ನಲ್ಲಿ ಇಳೀತೀವಿ. ಅಲ್ಲಿಂದ ಸೆವಿಯಾಗೆ ಫ್ಲೈಟಾ, ಟ್ರೇನಾ? ಕಾರ್ಡೋಬಾ ನೋಡ್ಕೊಂಡು ಬರ್ಬಹುದಾ?

ಉತ್ತರ: ಟ್ರೇನ್. ಅತೋಚಾ ಸ್ಟೇಷನ್ನಿಂದ ಎರಡೂವರೆ ಗಂಟೆ, ಸೆವಿಯಾದ ಸಾಂತಾ ಹುಸ್ತಾ ಸ್ಟೇಷನ್ ಊರೊಳಗೇ ಇದೆ. 1992ರ ಎಕ್ಸ್‌ಪೋ ವಿಶ್ವಮೇಳಕ್ಕೆ ಅಂತ ಹಾಕಿದ ಲೈನ್ ಇದು, ಸ್ಪೇನ್‌ನ ಮೊದಲ ಹೈಸ್ಪೀಡ್ ರೈಲು. ಲಗೇಜ್ ಸ್ಕ್ಯಾನ್ ಮಾಡ್ತಾರೆ, ಅರ್ಧ ಗಂಟೆ ಮುಂಚೆ ಹೋಗಿ. ಕಾರ್ಡೋಬಾ ಅದೇ ಲೈನಲ್ಲಿದೆ, ಸೆವಿಯಾದಿಂದ ಮುಕ್ಕಾಲು ಗಂಟೆ, ಮೂರನೇ ದಿನ ಬೆಳಗ್ಗೆ ಹೋಗಿ ಸಂಜೆ ಬಂದ್ಬಿಡಿ. ಅಲ್ಲಿನ ಮೆಸ್ಕೀತಾ ಒಂದಕ್ಕೇ ಆ ದಿನ ಸಾರ್ಥಕ. 8ನೇ ಶತಮಾನದ ಕೊನೇಲಿ ಶುರುವಾದ ಮಸೀದಿ, 1236ರಿಂದ ಚರ್ಚ್, ಒಳಗೆ 856 ಕಂಬ. ಮೊದಲು ಹಾಕಿದ ಕಂಬಗಳನ್ನ ಹಳೇ ರೋಮನ್ ಕಟ್ಟಡಗಳಿಂದೆಲ್ಲ ತಂದಿದ್ದು, ಎತ್ತರ ಸಾಲ್ತಿರ್ಲಿಲ್ಲ, ಅದಕ್ಕೇ ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿ ಛಾವಣಿ ಎತ್ತಿದ್ದಾರೆ, ಆ ಕೆಂಪು ಬಿಳಿ ಜೋಡಿ ಕಮಾನು ಹುಟ್ಟಿದ್ದು ಹಾಗೆ. ಆ ಹಳೇ ಕಂಬಗಳ ತಲೆ ನೋಡ್ತಾ ನಡೀರಿ, ಒಂದರ ಹಾಗೆ ಇನ್ನೊಂದಿರೋದು ಅಪರೂಪ.

ಪ್ರಶ್ನೆ: ವೀಸಾಗೆ ಯಾವಾಗ ಅರ್ಜಿ ಹಾಕ್ಬೇಕು?

ಉತ್ತರ: ಶೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯಿಂದ ಹಾಕ್ಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕಿರ್ಬೇಕು. ಅಪಾಯಿಂಟ್‌ಮೆಂಟ್ ಸಿಗೋದೇ ತಡ ಆಗುತ್ತೆ, ಮೂರು ತಿಂಗಳು ಇಟ್ಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ 30,000 ಯೂರೋಗೆ ಕಮ್ಮಿ ಇರ್ಬಾರ್ದು.

ಪ್ರಶ್ನೆ: ಮಗಳಿಗೆ ಹತ್ತು ವರ್ಷ, ಹಳೇ ಕಟ್ಟಡ ಅಂದ್ರೆ ಬೋರ್ ಅಂತಾಳೆ. ಏನು ಮಾಡೋದು?

ಉತ್ತರ: ಸಂಜೆ ಪ್ಲಾಸಾ ದೆ ಎಸ್ಪಾನ್ಯಾಗೆ ಕರ್ಕೊಂಡು ಹೋಗಿ, 1929ರ ಎಕ್ಸಿಬಿಷನ್‌ಗೆ ಕಟ್ಟಿದ್ದು, ಕಾಲುವೇಲಿ ದೋಣಿ ನಡೆಸ್ಬಹುದು, ಸ್ಪೇನ್‌ನ 48 ಪ್ರಾಂತ್ಯಕ್ಕೆ 48 ಟೈಲ್ಸ್ ಬೆಂಚುಗಳಿದಾವೆ, ಒಂದೊಂದರ ಮೇಲೂ ಆ ಊರಿನ ಕಥೆಯ ಚಿತ್ರ. ಇನ್ನೊಂದು ಆಟ ಹೇಳಿಕೊಡಿ. ಮ್ಯಾನ್‌ಹೋಲ್ ಮುಚ್ಚಳ, ಸಿಟಿ ಬಸ್ಸು, ಎಲ್ಲಾ ಕಡೆ ಊರಿನ ಗುರುತೊಂದಿದೆ: ನೋ (NO), ಆಮೇಲೆ ಎಂಟರ (8) ಆಕಾರ, ಆಮೇಲೆ ದೋ (DO). ಆ ಎಂಟು ಎಂಟಲ್ಲ, ಉಣ್ಣೆ ನೂಲಿನ ಲಡಿ, ಸ್ಪ್ಯಾನಿಷ್‌ನಲ್ಲಿ ಮದೇಖಾ. ಸೇರಿಸಿ ಓದಿದ್ರೆ ನೋ-ಮದೇಖಾ-ದೋ, ಕೇಳೋಕೆ "ಅದು ನನ್ನ ಕೈಬಿಟ್ಟಿಲ್ಲ" ಅಂದ ಹಾಗಿರುತ್ತೆ. 13ನೇ ಶತಮಾನದಲ್ಲಿ ಸ್ವಂತ ಮಗನೇ ತಿರುಗಿಬಿದ್ದಾಗ ಜೊತೆಗೆ ನಿಂತ ಊರಿಗೆ ರಾಜ ಹತ್ತನೇ ಅಲ್ಫೋನ್ಸೋ ಕೊಟ್ಟ ಮಾತು ಅಂತ ಅಲ್ಲಿನ ಐತಿಹ್ಯ. ನಾಲ್ಕು ದಿನದಲ್ಲಿ ಎಷ್ಟು ಸಿಕ್ತು ಅಂತ ಅವಳೇ ಎಣಿಸ್ಲಿ, ವಾಪಸ್ ಬಂದ್ಮೇಲೆ ಲೆಕ್ಕ ಅವಳ ಕೈಲೇ ಬರೆಸಿ ಕಳಿಸಿ.