ಪ್ರಕರಣ: ಹಿಂದಿನ ಜನ್ಮದ ಗೆಳೆಯ

ಹುಡುಗಿಗೆ ಹದಿನೈದು, ಹತ್ತನೇ ಕ್ಲಾಸು. ಗುರುತು ಸಿಗದ ಹಾಗೆ ಹೆಸರು, ಮನೆಯ ವಿವರ ಬದಲಿಸಿದ್ದೇನೆ, ಸಿರಿ ಎನ್ನೋಣ. ಅವಳಮ್ಮ ಬಂದದ್ದು ನೋಟ್‌ಬುಕ್ ಸಮೇತ. ಗಣಿತದ ಲೆಕ್ಕದ ಪಕ್ಕ, ಮಾರ್ಜಿನ್ನಿನಲ್ಲಿ ನೇರಳೆ ಪೆನ್ನಿನಿಂದ ಬರೆದಿತ್ತು: ‘ಈ ಜನ್ಮ ಬೋರು. ಮುಂದಿನದರಲ್ಲಿ ಸಿಗೋಣ.’

“ಎಲ್ಲಾ ಆ ಕೊರಿಯನ್ ಸೀರಿಯಲ್ ನೋಡಿ ಮೇಡಂ. ಅದನ್ನ ಈ ವಯಸ್ಸಿನವರು ನೋಡ್ಬೋದಾ, ಬೇಡ್ವಾ, ಅದೊಂದು ಹೇಳ್ಬಿಡಿ.”

ಇಂಥ ಸಾಲು ಕಂಡಾಗ ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಅಮ್ಮನನ್ನು ಹೊರಗೆ ಕೂರಿಸಿ, “ಸಾಯ್ಬೇಕು ಅಂತ ಅನ್ಸಿದ್ಯಾ?” ಎಂದೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯ ಅನೇಕರಿಗಿದೆ, ಅದು ಸುಳ್ಳು. ಸಿರಿ ನಕ್ಕಳು. “ಅಯ್ಯೋ ಇಲ್ಲ ಮೇಡಂ, ಅದು ಡೈಲಾಗ್ ಥರ.”

“ಯಾರ್ಗೆ ಹೇಳಿದ ಡೈಲಾಗು?”

ನಗು ಅಲ್ಲಿಗೆ ನಿಂತಿತು.

ಅವಳು ನೋಡಿದ್ದು ‘ಸೀ ಯೂ ಇನ್ ಮೈ ನೈನ್‌ಟೀನ್ತ್ ಲೈಫ್’. 2023ರದ್ದು, 12 ಕಂತು. ನಾನೂ ನೋಡಿದೆ. ನಾಯಕಿಗೆ ಹಿಂದಿನ ಜನ್ಮಗಳೆಲ್ಲ ನೆನಪಿವೆ. ಹದಿನೆಂಟನೇ ಜನ್ಮದಲ್ಲಿ 12 ವರ್ಷಕ್ಕೇ ಕಾರು ಅಪಘಾತದಲ್ಲಿ ತೀರಿಕೊಂಡವಳು ಮತ್ತೆ ಹುಟ್ಟಿ, ಆಗಿನ ಗೆಳೆಯನನ್ನು ಹುಡುಕಿಕೊಂಡು ಅವನ ಹೋಟೆಲಿನಲ್ಲೇ ಕೆಲಸಕ್ಕೆ ಸೇರುತ್ತಾಳೆ. ಅಶ್ಲೀಲ ಎನ್ನುವಂಥದ್ದು ನನಗೇನೂ ಕಾಣಲಿಲ್ಲ. ಆದರೆ ಒಂದು ವಿಷಯ ಚುಚ್ಚಿತು: ಅವನ ಬಗ್ಗೆ ಅವಳಿಗೆ ಎಲ್ಲ ಗೊತ್ತು, ಅವನಿಗೆ ಅವಳು ಯಾರೆಂದೇ ಗೊತ್ತಿಲ್ಲ. ಪರದೆಯ ಮೇಲೆ ಅದು ಪ್ರೇಮ. ಬೀದಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ಎದೆ ಝಲ್ಲೆನ್ನಬೇಕು.

ಸಿರಿಗೆ ಝಲ್ಲೆಂದಿರಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ 23 ವರ್ಷದ ಒಬ್ಬ ಅವಳಿಗೆ ಬರೆಯುತ್ತಿದ್ದ: ನಿನ್ನನ್ನು ಎಲ್ಲೋ ನೋಡಿದ್ದೇನೆ, ನಿನಗೆ ನೀರೆಂದರೆ ಭಯ, ಅಲ್ವಾ? ನಿಮ್ಮ ನಾಯಿ ಹೆಸರು ಚಿನ್ನು ಅಲ್ವಾ? “ನಾನು ಹೇಳೇ ಇರ್ಲಿಲ್ಲ ಮೇಡಂ, ಅವ್ನಿಗೆ ಹೆಂಗೆ ಗೊತ್ತಾಯ್ತು?”

ಫೋನ್ ಅವಳ ಕೈಲೇ ಇರಲಿ, ಅವಳ ಖಾತೆಯನ್ನೇ ಹಿಂದಕ್ಕೆ ಸರಿಸುತ್ತ ಹೋಗು ಎಂದೆ. ಎರಡು ವರ್ಷ ಹಿಂದಿನ ಪ್ರವಾಸದ ಫೋಟೊ, ಕೆಳಗೆ ಅವಳದೇ ಬರಹ: ‘ಜೋಗ ಸೂಪರ್, ಆದ್ರೆ ನಂಗೆ ನೀರು ಅಂದ್ರೆ ಭಯ.’ ಇನ್ನಷ್ಟು ಕೆಳಗೆ ಚಿನ್ನುವಿನ ಹುಟ್ಟುಹಬ್ಬ. ಬೆರಳು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, “ಅಮ್ಮಂಗೆ ಹೇಳ್ಬೇಡ ಅಂದಿದ್ದ” ಎಂದಳು. ಮುಂದಿನ ವಾರ ಭೇಟಿಯಾಗಲೂ ಕರೆದಿದ್ದ. ಫೋಟೊ ಕೇಳಿದ್ದನಾ ಎಂದು ಕೇಳಿದೆ. ಇಲ್ಲ.

ಅಮ್ಮನಿಗೆ ವಿಷಯ ತಿಳಿಸಿದ್ದು ಸಿರಿಯೇ, ನನ್ನೆದುರಲ್ಲೇ. ಮೊದಲು ಬಂದದ್ದು ಬೈಗುಳ, ಆಮೇಲೆ ಅಳು. ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟೇ ಅವನನ್ನು ಬ್ಲಾಕ್ ಮಾಡಿ, ಖಾತೆಯನ್ನು ಪ್ರೈವೇಟ್ ಮಾಡಿ ಎಂದೆ. ಮತ್ತೆ ಬೆನ್ನು ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪೊಲೀಸರಿಗೂ ತಿಳಿಸಿ. 18 ತುಂಬದವರಿಗೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯ ರಕ್ಷಣೆ ಇದೆ. ನೋಟ್‌ಬುಕ್ಕಿನ ಸಾಲು ಸದ್ಯಕ್ಕೆ ಡೈಲಾಗೇ ಇರಬಹುದು, ಆದರೂ ಊಟ ನಿದ್ದೆ ಕೆಟ್ಟರೆ ತಡಮಾಡದೆ ಕರೆತನ್ನಿ, ರಾತ್ರಿಯಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ ಎಂದು ಬರೆದುಕೊಟ್ಟೆ.

ಧಾರಾವಾಹಿ? ನಿಲ್ಲಿಸಬೇಡಿ ಎಂದೆ. ಹದಿಮೂರರ ಒಳಗಿನ ಮಕ್ಕಳಿಗೆ ನಾನೇ ಬೇಡ ಅಂತೀನಿ, ಸಾವು ಸ್ವಲ್ಪ ಜಾಸ್ತಿ. ಹದಿನೈದಕ್ಕೆ ನೋಡಬಹುದು, ನೀವೂ ಪಕ್ಕದಲ್ಲಿ ಕೂತು ನೋಡಿ, ಮಧ್ಯೆ ಮಧ್ಯೆ ಉಪದೇಶ ಮಾತ್ರ ಬೇಡ. ಬೇಕಿದ್ದರೆ ಒಂದೇ ಪ್ರಶ್ನೆ ಕೇಳಿ: ಅವನ ಜಾಗದಲ್ಲಿ ನೀನಿದ್ದಿದ್ರೆ ಏನನ್ಸ್ತಿತ್ತು? ಅಮ್ಮ ತಲೆಯಾಡಿಸಿದರು. “ಋಣಾನುಬಂಧ, ಏಳೇಳು ಜನ್ಮ ಅಂತ ದಿನಾ ಹೇಳೋರು ನಾವೇ ಅಲ್ವಾ ಮೇಡಂ.” ಅದೂ ನಿಜ. ಕೊರಿಯಾದವರನ್ನೇ ಬೈದು ಪ್ರಯೋಜನವಿಲ್ಲ.

ಮೂರು ವಾರದ ನಂತರ ಫೋನ್ ಬಂತು. ಅವನ ಸುದ್ದಿಯಿಲ್ಲ, ಸಿರಿಯ ಪ್ರಿಪರೇಟರಿ ಪರೀಕ್ಷೆ ನಡೆಯುತ್ತಿದೆ. ಇಡುವ ಮುಂಚೆ ಅಮ್ಮ ತಡೆದು ಹೇಳಿದರು, “ಸೀರಿಯಲ್ ಕೊನೇಲಿ ಆ ಹುಡುಗಿಗೆ ಹಿಂದಿಂದೆಲ್ಲ ಮರೆತು, ಅವನ್ನೇ ಗುರುತು ಹಿಡಿಯಲ್ವಲ್ಲ ಮೇಡಂ... ಸಿರಿಗಿಂತ ನಾನೇ ಜಾಸ್ತಿ ಅತ್ತಿದ್ದು.”