ಹಲವು ಟ್ರ್ಯಾಕ್‌ಗಳನ್ನು ಸ್ಟೀರಿಯೋಗೆ ಇಳಿಸುವಾಗ ಧ್ವನಿ ಒಡೆಯುವುದೇಕೆ?

ಕಾಸರಗೋಡಿನ ತಾಳಮದ್ದಲೆಯೊಂದನ್ನು (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಭಾಗವತರು (ಹಾಡುವವರು), ಚೆಂಡೆ, ಮದ್ದಲೆ, ಅರ್ಥಧಾರಿಗಳು (ಪಾತ್ರಗಳಾಗಿ ಮಾತನಾಡುವವರು) ಎಂದು ಪ್ರತ್ಯೇಕ ಟ್ರ್ಯಾಕ್‌ಗಳಲ್ಲಿ ಮುದ್ರಿಸಿ, ಆಡಾಸಿಟಿ ಎಂಬ ಧ್ವನಿ ಸಂಪಾದನಾ ತಂತ್ರಾಂಶದಲ್ಲಿ ಸ್ಟೀರಿಯೋಗೆ (ಎಡ, ಬಲ ಎಂಬ ಎರಡು ವಾಹಿನಿಗಳಿಗೆ) ಇಳಿಸಿದಾಗ ಧ್ವನಿ ಒಡೆಯುವುದೇಕೆ ಎಂದು ಕೇಳಿದ್ದೀರಿ. ಮಿಶ್ರಣವೆಂದರೆ ಧ್ವನಿ ಅಲೆಗಳ ಕೂಡಿಕೆ. ಒಂದೇ ಅಲೆಯ ಎರಡು ಪ್ರತಿಗಳು ಸೇರಿದರೂ ಮಟ್ಟವು ಸುಮಾರು 6 ಡೆಸಿಬಲ್ ಏರುವುದರಿಂದ, ಬಿಡಿಬಿಡಿಯಾಗಿ ಸರಿಯಿದ್ದ ಟ್ರ್ಯಾಕ್‌ಗಳು ಒಟ್ಟಾದಾಗ ಡಿಜಿಟಲ್ ಧ್ವನಿಯ ಗರಿಷ್ಠ ಮಿತಿಯಾದ 0 ಡೆಸಿಬಲ್ ದಾಟಿ, 16 ಬಿಟ್ ವೇವ್ ಕಡತವಾಗುವಾಗ ಅಲೆಗಳ ತುದಿ ಕತ್ತರಿಸಿಹೋಗುತ್ತದೆ; ಅದೇ ಒಡೆದ ಧ್ವನಿಯಾಗಿ ಕೇಳಿಸುತ್ತದೆ. ಆದ್ದರಿಂದ ಚೆಂಡೆಯನ್ನು (ಅದು ಹೇಗೂ ಎಲ್ಲರ ಮೈಕಿಗೂ ನುಗ್ಗಿರುತ್ತದೆ) ಮೊದಲು ತಗ್ಗಿಸಿ, ಭಾಗವತರನ್ನು ನಡುವೆ ಇರಿಸಿ, ಅರ್ಥಧಾರಿಗಳನ್ನು ಪ್ಯಾನ್ ಮೂಲಕ ಎಡಬಲಕ್ಕೆ ತುಸುವೇ ಸರಿಸಿ, ಒಟ್ಟು ಮಟ್ಟವು −3 ಡೆಸಿಬಲ್ ಮೀರದಂತೆ ನೋಡಿಕೊಳ್ಳಿ. ರಫ್ತು ಮಾಡುವಾಗ ತಂತ್ರಾಂಶವೇ ಟ್ರ್ಯಾಕ್‌ಗಳನ್ನು ಬೆರೆಸುತ್ತದೆ. ಮ್ಯೂಟ್ ಮಾಡಿದ್ದು ಸೇರುವುದಿಲ್ಲ. ಬೆರೆತದ್ದನ್ನು ಮತ್ತೆ ಬಿಡಿಸುವುದು ಕಷ್ಟವಾದ್ದರಿಂದ ಮೂಲ ಪ್ರಾಜೆಕ್ಟನ್ನು ಉಳಿಸಿಕೊಂಡಿರಿ.